ಬಾಟಲಿಯ ತಳದ ನೀರು

“ಏನ್ಲಾ ಮುನೀಂದ್ರ, ನಿಮ್ಮ ಸೀಮೆ ಅಸು ಕೆರೇಗೆ ಬಿದ್ದಿತ್ತಾ?”

ಡೈರಿಯ ಜಗಲಿಯಿಂದ ದೊಡ್ಡವೆಂಕಟಪ್ಪ ಕೂಗಿದಾಗ ನನಗೇನೂ ಅರ್ಥವಾಗಲಿಲ್ಲ. ಅವರು ಮೊಬೈಲು ತೋರಿಸಿದರು. ನಮ್ಮಮ್ಮ ಅಶ್ವತ್ಥಮ್ಮನ ಹೆಸರು, ಅದರ ಮುಂದೆ ಕೆಂಪಗೆ: ನೀರು ಬೆರೆತಿದೆ.

ಅಮ್ಮ ಹಾಲಿಗೆ ನೀರು ಬೆರೆಸುವವರ ಮನೆಯ ಮಜ್ಜಿಗೆಯನ್ನೂ ಮುಟ್ಟುವವಳಲ್ಲ.

ಈ ವರ್ಷ ಕಾಮಸಮುದ್ರದ ಪಕ್ಕದ ನಮ್ಮೂರ ಡೈರಿಗೆ ಬ್ಲಾಕ್‌ಚೈನ್ ಬಂದಿತ್ತು. ಬಿಟ್‌ಕಾಯಿನ್ ಅಲ್ಲ, ಬರೀ ಹಾಲಿನ ಲೆಕ್ಕ. ಯಾರ ಹಾಲು ಎಷ್ಟು ಗಟ್ಟಿ ಎಂಬುದು ಹಾಲು ಹಾಕುವ ಎಲ್ಲರ ಮೊಬೈಲಿಗೂ ಹೋಗುತ್ತದೆ. ಹೋದದ್ದನ್ನು ಡೈರಿಯ ಸೆಕ್ರೆಟರಿಯೂ ಅಳಿಸಲಾರ. ಮೊದಲೆಲ್ಲ ತಮಗೆ ಬೇಕಾದವರ ಹಾಲಿನ ಡಿಗ್ರಿ, ಅಂದರೆ ಗಟ್ಟಿತನದ ಅಂಕಿ, ಪುಸ್ತಕದಲ್ಲಿ ತಾನಾಗಿ ಏರುತ್ತಿತ್ತು, ಅದಕ್ಕೇ ಈ ಏರ್ಪಾಡು. ಊರಿಗೆಲ್ಲ ಇದನ್ನು ಹೊಗಳಿ ಸಾರಿದವನು ನಾನೇ.

ಹಾಲು ಪರೀಕ್ಷೆ ಮಾಡುವವಳು ಸೆಲ್ವಿ. ಚಿನ್ನದ ಗಣಿಯ ಊರಿಗಾಂ ಲೈನುಮನೆಗಳ ಹುಡುಗಿ, ಮೊದಲ ಬಸ್ಸಿಗೆ ಬರುತ್ತಾಳೆ. ಈಗಷ್ಟೇ, ನಾನು ಹಾಲಿನ ಕ್ಯಾನು ಕೊಟ್ಟು ಬೈಕಿನ ಹತ್ತಿರ ನಿಂತಿದ್ದಾಗ, ಕಿಟಕಿಯಿಂದ ನನ್ನನ್ನು ನೋಡಿ ನಕ್ಕಿದ್ದಳು. ನಗುತ್ತಲೇ ಹೀಗೆ ಬರೆದಳೇ?

“ಸೆಲ್ವಿ ಮೇಡಂ, ನಮ್ಮಮ್ಮ ನೀರು ಆಕ್ತಾಳಾ?”

ಅವಳು ಸ್ಯಾಂಪಲ್ ಬಾಟಲಿಯನ್ನು ಬೆಳಕಿಗೆ ಹಿಡಿದಳು. ಆಮೇಲೆ ಪಕ್ಕಕ್ಕೆ ನೋಡಿದಳು; ತೊಳೆದ ಬಾಟಲಿ ಬೋರಲು ಹಾಕುವ ತಟ್ಟೆ ಒಣಗಿಯೇ ಇತ್ತು.

“ಅಯ್ಯೋ ಸಾಮಿ. ಬಾಟ್ಲಿ ತೊಳ್ದ ನೀರು ಚೆಲ್ಲೇ ಇಲ್ಲ ನಾನು. ತಳದಲ್ಲೇ ಇತ್ತು.”

“ಅಂಗಾದ್ರೆ ಅಳ್ಸಿ.”

“ಅಳ್ಸೋಕಾಗಲ್ಲ ಅಂತ ಊರಿಗೆಲ್ಲ ಸಾರಿದ್ದು ಯಾರು ಸಾರ್?”

ಕೆಳಗೆ ತಿದ್ದುಪಡಿ ಸೇರಿಸಬಹುದು, ಕಾರಣ ಸಮೇತ. ಅದೂ ಎಲ್ಲರಿಗೂ ಹೋಗುತ್ತದೆ, ಅದೂ ಅಳಿಯುವುದಿಲ್ಲ. ತಪ್ಪು ತನ್ನದೆಂದು ಬರೆದರೆ ಅವಳ ಕೆಲಸಕ್ಕೆ ಕುತ್ತು. ಬರೆಯದಿದ್ದರೆ ಅಮ್ಮನ ಹೆಸರು ಹೋಯಿತು. ಯಾರ ಪರ ನಿಲ್ಲಬೇಕೆಂದೇ ನನಗೆ ಹೊಳೆಯಲಿಲ್ಲ.

“ಬಿಡಿ, ನಾನೇ ಎಲ್ಲಾರ್ಗೂ ಏಳ್ಕೊಂತೀನಿ.”

“ನಿಮ್ಮನ್ನ ಯಾರು ನಂಬ್ತಾರೆ? ಸುಮ್ನಿರಿ.”

ನನ್ನ ಕ್ಯಾನಿನ ಹಾಲನ್ನು ಇನ್ನೂ ಡೈರಿಯ ಹಾಲಿಗೆ ಸುರಿದಿರಲಿಲ್ಲ. ಅವಳು ಮತ್ತೆ ಪರೀಕ್ಷೆ ಮಾಡಿದಳು. ಗಟ್ಟಿ ಹಾಲು. ಟೈಪು ಮಾಡುತ್ತಾ ಅರ್ಧಕ್ಕೆ ನಿಲ್ಲಿಸಿ, ನನ್ನತ್ತ ನೋಡಿ, ತುಟಿ ಕಚ್ಚಿ, ಮುಂದುವರಿಸಿದಳು.

ಜಗಲಿಯ ಮೇಲೆ ಮೊಬೈಲುಗಳು ಒಂದರ ಹಿಂದೊಂದು ಟಿಂಗೆಂದವು. ದೊಡ್ಡವೆಂಕಟಪ್ಪ ಕನ್ನಡಕ ಏರಿಸಿ ಜೋರಾಗಿ ಓದಿದರು:

“ಹಾಲು ಚೆನ್ನಾಗಿದೆ. ತಪ್ಪು ನನ್ನದು. ಮುನೀಂದ್ರ ಬೈಕಿನ ಕನ್ನಡಿಯಲ್ಲಿ ಕ್ರಾಪು ಬಾಚುವುದನ್ನು ನೋಡುತ್ತಾ ಬಾಟಲಿಯ ನೀರು ಚೆಲ್ಲಲು ಮರೆತೆ. ಸೆಲ್ವಿ.”

ಮಿಕ್ಕವರೂ ತಮ್ಮ ತಮ್ಮ ಮೊಬೈಲು ನೋಡಿಕೊಂಡರು. ಆಮೇಲೆ ಎಲ್ಲರೂ ನಕ್ಕರು.

“ಬಾಟ್ಲೀಲಿ ನೀರಿತ್ತು ಅಂದಿದ್ರೆ ಸಾಕಾಗಿತ್ತಲ್ರೀ,” ಎಂದೆ.

“ಯಾಕೆ ಮರ್ತೆ ಅಂತ ಸೆಕ್ರೆಟರಿ ಕೇಳ್ತಾರೆ. ಸುಳ್ಳು ಬರೆದ್ರೆ ಅದನ್ನೂ ಅಳ್ಸೋಕಾಗಲ್ಲ.”

“ನಿಜ್ವಾಗ್ಲೂ ನೋಡ್ತಿದ್ರಾ? ಇಲ್ಲ, ಆಡ್ಕೊಂಡು ನಗ್ತಿದ್ರಾ?”

“ಎರಡೂ.”

ಸೆಕ್ರೆಟರಿ ಗದರಿಸಿದ, ಕೆಲಸದಿಂದ ತೆಗೆಯಲಿಲ್ಲ. ಮನೆಯಲ್ಲಿ ಅಮ್ಮ ಮೊಬೈಲನ್ನು ಬಹಳ ಹೊತ್ತು ನೋಡಿ, “ಆ ಉಡುಗಿ ಮದ್ಯಾನಕ್ಕೆ ಬುತ್ತಿ ತತ್ತಾಳಾ?” ಎಂದಳು. ಅದು ಒಪ್ಪಿಗೆಯೋ ವಿಚಾರಣೆಯೋ ತಿಳಿಯಲಿಲ್ಲ.

ಮರುದಿನ ಬೆಳಿಗ್ಗೆ ಡೈರಿಯ ಮುಂದೆ ಬೈಕು ನಿಲ್ಲಿಸಿ, ಬಾಚಬೇಕೋ ಬೇಡವೋ ಗೊತ್ತಾಗದೆ ಬಾಚಣಿಗೆ ಹಿಡಿದು ನಿಂತೆ. ಕಿಟಕಿಯೊಳಗಿಂದ ಸೆಲ್ವಿ ನೋಡಿದಳು. ಬಾಟಲಿಯನ್ನು ಬೋರಲು ಹಾಕಿ, ಕೊನೆಯ ಹನಿ ಬೀಳುವವರೆಗೂ ಕಾದಳು.

“ಹೂಂ, ಈಗ ಬಾಚ್ಕೊಳ್ಳಿ.”