ನಿದ್ದೆ ಕಟ್ಟಿದ ಗಂಟು

“ನೀರು ಬೇಕಿದ್ರೆ ಆ ಕಡೆ ನಲ್ಲಿಗೆ ಹೋಗಿ. ಮೋರಿ ಕಡೆ ಮಾತ್ರ ಹೋಗ್ಬೇಡಿ. ಅಲ್ಲೊಂದು ಗಂಟು ಬಿದ್ದಿದೆ. ಮುಟ್ಟೋದಿರ್ಲಿ, ಅದರ ಮೇಲೆ ಟಾರ್ಚ್ ಕೂಡ ಬಿಡ್ಬೇಡಿ.”

ಪಂಕ್ಚರ್ ಅಂಗಡಿಯವನು ತಲೆಯೆತ್ತದೆ ಹೇಳಿದ. ವ್ಯಾನಿನ ಹಿಂದಿನ ಚಕ್ರ ಕಳಚಿ ನೆಲದ ಮೇಲೆ ಬಿದ್ದಿತ್ತು. ಅವನು ಟ್ಯೂಬನ್ನು ನೀರಿನ ತೊಟ್ಟಿಯಲ್ಲಿ ಮುಳುಗಿಸಿ ಗುಳ್ಳೆ ಎಲ್ಲಿಂದ ಏಳುತ್ತದೆಂದು ನೋಡುತ್ತಿದ್ದ. ಸುಟ್ಟ ರಬ್ಬರಿನ ವಾಸನೆ ಗಾಳಿಯಿಲ್ಲದ ರಾತ್ರಿಯಲ್ಲಿ ಅಲ್ಲೇ ಹೆಪ್ಪುಗಟ್ಟಿತ್ತು.

“ಯಾಕೆ, ಕಚ್ಚುತ್ತಾ?” ಎಂದು ವ್ಯಾನಿನಲ್ಲಿ ಬಂದ ಮನೆಯವರ ಕಿರಿಸೊಸೆ ನಕ್ಕಳು.

“ಕಚ್ಚೋದಕ್ಕಾದ್ರೆ ಔಷಧಿ ಇರುತ್ತೆ, ಅಕ್ಕಾ.”

ಅವಳು ಆ ಮನೆಗೆ ಸೊಸೆಯಾಗಿ ಬಂದು ನಾಲ್ಕೇ ತಿಂಗಳು. ಆರು ವರ್ಷಗಳಿಂದ ಆಸ್ಪತ್ರೆಯಲ್ಲಿ ರಾತ್ರಿ ಪಾಳಿ ಮಾಡಿದವಳು. ತೀರಿಕೊಂಡ ಎಷ್ಟೋ ಜನರ ಕಣ್ಣು ಮುಚ್ಚಿದ ಕೈ ಅವಳದು; ಅವರಲ್ಲಿ ಒಬ್ಬರೂ ತಿರುಗಿ ಬಂದು ಕಾಡಿರಲಿಲ್ಲ. ಮನೆಯವರೆಲ್ಲ ಅವಳನ್ನು ‘ನರ್ಸಮ್ಮ’ ಎನ್ನುತ್ತಿದ್ದರು, ಅರ್ಧ ಪ್ರೀತಿಯಿಂದ, ಅರ್ಧ ಕೊಂಕಿನಿಂದ.

ಅವರದು ಬೇಕರಿ. ವ್ಯಾನೂ ಬೇಕರಿಯದೇ. ದಿನಾ ಬ್ರೆಡ್ಡಿನ ತಟ್ಟೆಗಳನ್ನು ಹೊರುವ ಗಾಡಿಗೆ ಆ ಸಂಜೆ ಸೀಟುಗಳನ್ನು ಮತ್ತೆ ಬಿಗಿದಿದ್ದರು. ಎಷ್ಟು ತೊಳೆದರೂ ಒಳಗೆ ಹುಳಿಹಿಟ್ಟು, ಬೆಣ್ಣೆ, ಕರಗಿದ ಸಕ್ಕರೆಯ ವಾಸನೆ. ಅತ್ತೆಯ ಮಗಳು ಹೆತ್ತು ಹತ್ತು ದಿನವಾಗಿತ್ತು. ಅತ್ತೆ ಇನ್ನೂ ಮೊಮ್ಮಗುವಿನ ಮುಖ ನೋಡಿರಲಿಲ್ಲ. ಒಂದು ದಿನಕ್ಕಿಂತ ಹೆಚ್ಚು ಅಂಗಡಿ ಮುಚ್ಚುವಂತಿಲ್ಲ. ಹೀಗಾಗಿ ಸಂಜೆ ಬಾಗಿಲೆಳೆದು, ಕೈಗೆ ಅಂಟಿದ ಹಿಟ್ಟು ತೊಳೆದುಕೊಂಡವರೇ ಗಾಡಿ ಹತ್ತಿದ್ದರು. ರಾತ್ರಿಯಿಡೀ ದಾರಿ. ಭಾವನೇ ಚಾಲಕ. ಅವನೂ, ಓರಗಿತ್ತಿಯೂ, ಇವಳ ಗಂಡನೂ ಬೆಳಗಿನ ಜಾವ ಮೂರಕ್ಕೆ ಎದ್ದವರು. ಯಾರ ಮುಖದಲ್ಲೂ ಪ್ರಯಾಣದ ಕಳೆ ಇರಲಿಲ್ಲ. ಒಲೆಯಿಂದ ತೆಗೆದಿಟ್ಟ ಖಾಲಿ ತಟ್ಟೆಗಳಂತಿದ್ದರು.

ಅತ್ತೆ ಅಂಗಡಿಯ ಮುಂದಿನ ಹಳೇ ಟೈರಿನ ಮೇಲೆ ಕೂತು ಮಂಡಿ ಒತ್ತಿಕೊಳ್ಳುತ್ತಿದ್ದಳು. “ಏನಪ್ಪಾ ಅದು ಗಂಟು?” ಎಂದು ಅವಳೇ ಕೇಳಿದಳು.

ಅವನು ಒಮ್ಮೆ ಕತ್ತಲಿನತ್ತ ನೋಡಿ ದನಿ ತಗ್ಗಿಸಿದ. “ಇಪ್ಪತ್ತು ವರ್ಷದ ಮಾತಮ್ಮಾ. ಇದೇ ತಿರುವಿನಲ್ಲಿ ಒಬ್ಬ ಲಾರಿಯೋನು ತೂಕಡಿಸಿಬಿಟ್ಟ. ಎದುರಿಗೆ ಬಂದ ಕಾರಲ್ಲಿ ಒಂದು ಸಂಸಾರ. ಗಂಡ, ಎರಡು ಮಕ್ಕಳು ಅಲ್ಲೇ ಹೋದ್ರು. ತಾಯಿ ಉಳಿದ್ಲು. ಬೆಳಗಾಗೋ ತನಕ ನೋಡ್ತಾ ಕೂತಿದ್ಲು. ಆಮೇಲೆ ಮಾಟಗಾರನ ಹತ್ರ ಹೋಗಿ, ಆ ಲಾರಿಯೋನ ನಿದ್ದೇನೇ ಗಂಟು ಕಟ್ಟಿಸಿ ತಂದಿಟ್ಲು. ನನ್ನ ಮನೇನ ಮಲಗಿಸಿದ ನಿದ್ದೆ ಅವನ ಮನೇನೂ ಮಲಗಿಸ್ಲಿ ಅಂತ.”

“ಮಲಗಿಸ್ತಾ?”

“ಒಬ್ಬರನ್ನೂ ಬಿಡ್ಲಿಲ್ಲ. ಅವಳೂ ಆಮೇಲೆ ಹೋದ್ಲು. ಬಿಚ್ಚೋರು ಯಾರೂ ಉಳೀಲಿಲ್ಲ. ಈಗ ಯಾರು ಎತ್ಕೊಂಡ್ರೆ ಅವರ ಗಾಡೀಲಿರೋರಿಗೆ ಆ ನಿದ್ದೆ. ಎತ್ಕೊಂಡೋರು ಮಾತ್ರ ಎಚ್ಚರ ಇರ್ತಾರೆ. ನೋಡ್ಬೇಕಲ್ಲ.”

ಭಾವನ ಮಗಳು ಬನ್ನು, ಆರು ವರ್ಷದ್ದು, ಇವಳ ಸೆರಗಿನೊಳಗೆ ನುಗ್ಗಿ ಅಳತೊಡಗಿತು. “ಚಿಕ್ಕಮ್ಮಾ, ಅಪ್ಪ ಮಲಗಿಬಿಡ್ತಾರಾ?”

ಇವಳಿಗೆ ರೇಗಿತು. “ಮಕ್ಕಳ ಮುಂದೆ ಹೇಳೋ ಮಾತಾ ಇದು? ಸುಮ್ನಿರು ಬನ್ನು, ಅದರೊಳಗೆ ಏನಿದೆ ಅಂತ ನಾನೇ ತೋರಿಸ್ತೀನಿ. ಹಳೇ ಬಟ್ಟೆ ಇರುತ್ತೆ, ಅಷ್ಟೇ.”

ಮಗುವನ್ನು ಅತ್ತೆಯ ಮಡಿಲಿಗೆ ತಳ್ಳಿ, ನಗುತ್ತಲೇ ಮೋರಿಯತ್ತ ನಡೆದಳು. ಹಿಂದೆ ಅಂಗಡಿಯವನು ಅತ್ತೆಯ ಕಡೆ ಬಗ್ಗಿ ಇನ್ನೂ ಏನೋ ಹೇಳುತ್ತಿದ್ದ. ಅವಳು ಕೇಳಿಸಿಕೊಳ್ಳಲಿಲ್ಲ.

ಇಪ್ಪತ್ತು ಹೆಜ್ಜೆಗೆ ಅಂಗಡಿಯ ಬೆಳಕು ತೀರಿತು; ಫೋನಿನ ಟಾರ್ಚ್ ಹಾಕಿಕೊಂಡಳು. ಕೊಳೆತ ಎಲೆ, ನಿಂತ ನೀರು, ಅದರಡಿಯಲ್ಲಿ ಎಲ್ಲೋ ಆರಿದ ಬತ್ತಿಯ ಕಮಟು. ಅವಳು ಬಗ್ಗಿದಾಗ ಕಪ್ಪೆಗಳ ಸದ್ದು ನಿಂತಿತು. ಮೋರಿಯ ಕಲ್ಲಿನ ಮೇಲೆ ಅಂಗೈಯಗಲದ ಗಂಟು. ಮಸಿಬಣ್ಣದ ಬಟ್ಟೆ, ಸುತ್ತಲೂ ದಾರ. ಎತ್ತಿಕೊಂಡಳು. ಕಲ್ಲು ತಣ್ಣಗಿತ್ತು. ಗಂಟು ಬೆಚ್ಚಗಿತ್ತು, ಈಗಷ್ಟೇ ಯಾರದೋ ತಲೆಯಡಿಯಿಂದ ಎಳೆದ ದಿಂಬಿನ ಹಾಗೆ.

ಹಗಲಿನ ಬಿಸಿಲು ಹೀರಿರಬೇಕು ಎಂದುಕೊಂಡು ಕೈಚೀಲಕ್ಕೆ ಹಾಕಿದಳು.

ಗಾಡಿ ಮತ್ತೆ ರಸ್ತೆಗೆ ಬಿದ್ದು ಕಾಲು ಗಂಟೆಯಾದ ಮೇಲೆ, ಒಳಗಿನ ಸಣ್ಣ ದೀಪ ಹಾಕಿ ಗಂಟು ಹೊರತೆಗೆದಳು. ಬನ್ನು ಕಣ್ಣರಳಿಸಿ ಪಕ್ಕದಲ್ಲಿ ಕೂತಿತ್ತು. ದಾರ ಎಳೆದೊಡನೆ ಸಡಿಲವಾಯಿತು, ಕಾದಿದ್ದಂತೆ. ಒಳಗೆ ಒಂದು ಹಿಡಿ ಕೂದಲು. ಬಾಗಿದ ಒಂದು ಕೀಲಿಕೈ. ಕಂದಿದ ಹತ್ತಿ.

“ನೋಡಿದ್ಯಾ? ಇಷ್ಟೇ.”

“ಇಷ್ಟೇನಾ?” ಬನ್ನು ನಕ್ಕಿತು. ನಗು ಮುಗಿಯುವ ಮೊದಲೇ ತಲೆ ಇವಳ ತೋಳಿಗೆ ವಾಲಿತು.

ಆ ಹತ್ತಿಯಿಂದ ಒಂದು ವಾಸನೆ ಎದ್ದಿತ್ತು. ಅವಳಿಗೆ ಗೊತ್ತಿದ್ದ ವಾಸನೆ. ವಾರ್ಡಿನಲ್ಲಿ ಬೆಳಗಿನ ಜಾವ ಒಂದು ಹಾಸಿಗೆಯ ಪರದೆ ಸರಿಸುವ ಮುನ್ನವೇ ಮೂಗಿಗೆ ಬಡಿದು, ಒಳಗೆ ಏನಾಗಿದೆ ಎಂದು ಹೇಳಿಬಿಡುವಂಥದ್ದು. ಕಿಟಕಿ ಸರಿಸಿ ಎಲ್ಲವನ್ನೂ ಹೊರಗೆಸೆದಳು. ಕೀಲಿಕೈ ರಸ್ತೆಗೆ ಬಡಿದ ಸದ್ದು ಸ್ಪಷ್ಟವಾಗಿ ಕೇಳಿಸಿತು.

“ಏನದು ಎಸೆದದ್ದು?” ಎಂದಳು ಹಿಂದಿನ ಸಾಲಿನಿಂದ ಓರಗಿತ್ತಿ, ಆಕಳಿಸುತ್ತ.

“ಕಸ ಅಕ್ಕಾ. ಹಸಿವಾಗ್ತಿದೆ, ಬಿಸ್ಕತ್ತಿನ ಡಬ್ಬ ಎಲ್ಲಿಟ್ರಿ?”

“ಅದಾ? ಅದು ಆ ಹಿಂದಿನ...”

ಮಾತು ಅಲ್ಲೇ ನಿಂತಿತು. ತಿರುಗಿ ನೋಡಿದರೆ ಓರಗಿತ್ತಿಯ ಬಾಯಿ ಆ ಅರ್ಧ ಮಾತಿನ ಆಕಾರದಲ್ಲೇ ತೆರೆದಿತ್ತು. ಕಣ್ಣು ಮುಚ್ಚಿತ್ತು. ಕೊನೆಯ ಸೀಟಿನಲ್ಲಿ ಗಂಡ ಗೊರಕೆ ಹೊಡೆಯುತ್ತಿದ್ದ. ಕಿಟಕಿಯ ಬಳಿ ಅತ್ತೆ ಶಾಲು ಹೊದ್ದು ಹೊರಗೆ ಮುಖ ಮಾಡಿದ್ದಳು.

ದಣಿದವರು, ಮಲಗಲಿ. ಹಾಗೆಂದು ತನಗೆ ತಾನೇ ಹೇಳಿಕೊಂಡಳು. ಆಮೇಲೆ ಕಿವಿಗೊಟ್ಟಳು.

ಗೊರಕೆ ನಿಂತಿತ್ತು. ಉಸಿರು ಮಾತ್ರ ಕೇಳುತ್ತಿತ್ತು. ಮಗುವಿನದು, ಓರಗಿತ್ತಿಯದು, ಗಂಡನದು, ಎಲ್ಲ ಒಂದೇ ಸಲ ಒಳಗೆ, ಒಂದೇ ಸಲ ಹೊರಗೆ. ಒಬ್ಬನೇ ದೊಡ್ಡ ದೇಹದ ಮನುಷ್ಯ ಗಾಡಿಯ ತುಂಬ ಮಲಗಿದ ಹಾಗೆ. ಆರು ವರ್ಷದ ಅಭ್ಯಾಸ. ಕೈಗಡಿಯಾರ ನೋಡಿ ಎಣಿಸಿದಳು. ನಿಮಿಷಕ್ಕೆ ಹತ್ತು. ಮತ್ತೆ ಎಣಿಸಿದಳು. ಏಳು.

“ಬನ್ನು. ಬನ್ನು!” ಕೆನ್ನೆ ತಟ್ಟಿದಳು. ಚಿವುಟಿದಳು. ಮಗು ಮಿಸುಕಲಿಲ್ಲ.

“ಭಾವ, ಗಾಡಿ ನಿಲ್ಸಿ.”

ಗಾಡಿಯ ವೇಗ ಏರುತ್ತಿತ್ತು.

“ಭಾವಾ!”

ಕನ್ನಡಿಯಲ್ಲಿ ಅವನ ಕಣ್ಣು ಕಂಡಿತು. ತೆರೆದೇ ಇತ್ತು. ರೆಪ್ಪೆ ಬಡಿಯುತ್ತಿರಲಿಲ್ಲ. ಎರಡು ಕೈಯೂ ಸ್ಟೇರಿಂಗಿನ ಮೇಲಿದ್ದವು. ಎದೆ ಹಿಂದಿನವರ ಜೊತೆಗೇ ಏರುತ್ತಿತ್ತು, ಇಳಿಯುತ್ತಿತ್ತು.

ಅವಳಿಗೆ ಗಾಡಿ ಓಡಿಸಲು ಬಾರದು. ಸೀಟು ಹಾರಿದಳು. ಮೊಣಕಾಲು ಕಬ್ಬಿಣಕ್ಕೆ ಬಡಿಯಿತು. ಎದುರಿಗೆ ಬೆಳಕು. ಎರಡು ಬೆಳಕು. ದೊಡ್ಡದಾದವು. ಹಾರ್ನು ಕಿವಿ ಸೀಳಿತು. ಸ್ಟೇರಿಂಗನ್ನು ಎರಡೂ ಕೈಯಲ್ಲಿ ಹಿಡಿದು ಎಳೆದಳು. ಲಾರಿ ಉಜ್ಜಿದಂತೆ ಹಾದುಹೋಯಿತು. ಹ್ಯಾಂಡ್‌ಬ್ರೇಕು. ಎಲ್ಲಿ? ಸಿಕ್ಕಿತು. ಜಗ್ಗಿದಳು. ಟೈರು ಕಿರುಚಿತು. ಗಾಡಿ ಓಲಾಡಿತು, ಜಲ್ಲಿಯ ಮೇಲೆ ಜಾರಿತು, ಏನನ್ನೋ ಗುದ್ದಿ ನಿಂತಿತು. ಕೀಲಿ ತಿರುಗಿಸಿದಳು.

ಎಂಜಿನ್ ನಿಂತಿತು.

ಆ ಹೊಡೆತಕ್ಕೂ ಒಬ್ಬರೂ ಏಳಲಿಲ್ಲ.

ಭಾವನ ಎದೆಮೂಳೆಯನ್ನು ಗೆಣ್ಣಿನಿಂದ ಉಜ್ಜಿದಳು. ಎಂಥ ಮೂರ್ಛೆಯವರೂ ನರಳುವ ಒತ್ತು ಅದು. ನರಳಲಿಲ್ಲ. ಗಂಡನ ಮುಖಕ್ಕೆ ನೀರು ಎರಚಿದಳು. ತೆರೆದ ಬಾಯಿಯ ಮೂಲೆಯಿಂದ ನೀರು ಸುಮ್ಮನೆ ಇಳಿಯಿತು. ಫೋನು ತೆಗೆದರೆ ಸಿಗ್ನಲ್ ಇಲ್ಲ. ಉಸಿರು ಎಣಿಸಿದಳು. ನಾಲ್ಕು. ಕಾಲಿಗೆ ಬೆಚ್ಚಗೆ ಏನೋ ತಗುಲಿತು. ಗಂಟು. ದಾರ ಮೊದಲಿನಂತೆಯೇ ಬಿಗಿದಿತ್ತು.

“ಅದನ್ನ ಇಲ್ಲಿ ಕೊಡು.”

ಅವಳು ಚೀರಿಬಿಟ್ಟಳು. ಅತ್ತೆ ಕಿಟಕಿಯಿಂದ ಮುಖ ತಿರುಗಿಸಿದ್ದಳು.

“ಅತ್ತೆ! ನೀವು... ನಿಮಗೆ ಎಚ್ಚರ ಇದೆ!”

“ಇದೆ. ಇನ್ನೆಷ್ಟು ಹೊತ್ತೋ ಗೊತ್ತಿಲ್ಲ. ಇಷ್ಟೊತ್ತೂ ನಾಲಗೆ ಏಳ್ತಿರ್ಲಿಲ್ಲ. ರೆಪ್ಪೆ ಮೇಲೆ ಹಿಟ್ಟಿನ ಮೂಟೆ ಇಟ್ಟ ಹಾಗಿದೆ. ನನಗೆ ನಿದ್ದೆ ಬೇಗ ಹತ್ತಲ್ಲ, ನಿನಗೆ ಗೊತ್ತಲ್ಲ.” ನಾಲಗೆ ತೊದಲುತ್ತಿತ್ತು. “ನೀನು ನಗ್ತಾ ಹೋದ್ಮೇಲೆ ಅವನು ಇನ್ನೊಂದು ಮಾತು ಹೇಳ್ದ. ಅದನ್ನ ಯಾರಾದ್ರೂ ಬಾಯಿಬಿಟ್ಟು ಬೇಡಿದ್ರೆ, ಅವರ ಕೈಗೆ ಕೊಟ್ರೆ, ಅಷ್ಟೂ ನಿದ್ದೆ ಅವರೊಬ್ಬರಿಗೇ. ಉಳಿದೋರು ಏಳ್ತಾರೆ.”

“ಎತ್ಕೊಂಡಿದ್ದು ನಾನು. ನಾನೇ ಇಟ್ಕೋತೀನಿ. ನನಗೇ ಬರ್ಲಿ.”

“ನಿನ್ನ ಕೈಲಿರೋದನ್ನ ನೀನೇ ಬೇಡೋಕಾಗುತ್ತಾ, ಹುಚ್ಚಿ?”

“ತಪ್ಪಾಯ್ತು ಅತ್ತೆ... ಯಾರಾದ್ರೂ ಬರ್ತಾರೆ, ಗಾಡಿ ನಿಲ್ಸಿ ಆಸ್ಪತ್ರೆಗೆ...”

“ಮಗು ಉಸಿರು ನೋಡು ಮೊದ್ಲು.”

ಬನ್ನುವಿನ ತುಟಿ ನೀಲಿಗಟ್ಟಿತ್ತು. ಅವಳು ಕೆನ್ನೆಯನ್ನು ಅದರ ಮೂಗಿಗೆ ಒಡ್ಡಿದಳು. ಕಾದಳು. ಒಂದು ಬಂತು. ಇನ್ನೊಂದಕ್ಕೆ ಕಾದಳು.

“ಮೂವತ್ತು ವರ್ಷ,” ಎಂದಳು ಅತ್ತೆ ಮೆಲ್ಲಗೆ, ಯಾರಿಗೋ ಹೇಳುವಂತೆ. “ಊರೆಲ್ಲ ಮಲಗಿರೋವಾಗ ಎದ್ದು ಒಲೆ ಹಚ್ಚಿದೀನಿ. ಹಬೆಗೆ ಕಣ್ಣು ಬೆಂದುಹೋಗಿದೆ. ನಿದ್ದೆಗೆ ಹೆದರ್ತೀನಾ ನಾನು? ಹೊಸಾ ಮಗೂನ ಒಂದ್ಸಲ ನೋಡ್ಬೇಕು ಅಂತಿತ್ತು. ಇರ್ಲಿ.” ಕೈ ಚಾಚಿದಳು. ಹಿಟ್ಟು ನಾದಿ ನಾದಿ ಗಂಟುಗಟ್ಟಿದ ಬೆರಳುಗಳು ಕತ್ತಲಲ್ಲಿ ತೆರೆದುಕೊಂಡವು. “ನಾನು ಬೇಡ್ತಿದೀನಿ. ಕೊಡು.”

ಇನ್ನೊಂದು ಉಸಿರು ಬರಲಿಲ್ಲ.

ಅವಳು ಕೊಟ್ಟಳು.

ಅತ್ತೆಯ ಬೆರಳುಗಳು ಗಂಟಿನ ಮೇಲೆ ಮಡಚಿಕೊಂಡವು. ತಲೆ ಸೀಟಿಗೆ ಒರಗಿತು. ಒಂದು ದೊಡ್ಡ ನಿಟ್ಟುಸಿರು. ಮೂಟೆ ಇಳಿಸಿದವರು ಬಿಡುವಂಥದ್ದು. ಇವಳು ಮಣಿಕಟ್ಟು ಹಿಡಿದಳು. ನಾಡಿ ಎರಡು ಸಲ ಮಿಡಿದು ನಿಂತಿತು. ಎದೆ ಒತ್ತಲು ಕೈ ಎತ್ತಿದಳು. ಅಷ್ಟರಲ್ಲಿ ಹಿಂದೆ ಬನ್ನು ಕೆಮ್ಮಿತು.

ಒತ್ತಿದರೆ? ಅತ್ತೆ ಎದ್ದರೆ, ಆ ನಿದ್ದೆ ಎಲ್ಲಿಗೆ ಹೋಗುತ್ತದೆ?

ಎತ್ತಿದ ಕೈ ಹಾಗೇ ಇಳಿಯಿತು.

“...ಸೀಟಿನ ಕೆಳಗಿದೆ ನೋಡು,” ಎಂದಳು ಓರಗಿತ್ತಿ.

ಭಾವ ಬೆಚ್ಚಿ ಕಣ್ಣುಜ್ಜಿಕೊಂಡ. ಇಳಿದುಹೋಗಿ ಮುಂದಿನ ಬಂಪರು ತಗ್ಗಾದದ್ದನ್ನು ನೋಡಿ ಬಂದ. “ತೂಕಡಿಸಿಬಿಟ್ನಾ? ನೀನೇ ಬ್ರೇಕ್ ಹಾಕಿದ್ಯಾ? ದೊಡ್ಡ ಗಂಡಾಂತರ ತಪ್ಪಿಸ್ದೆ ನರ್ಸಮ್ಮ,” ಎಂದು ಅವಳ ತಲೆ ಮುಟ್ಟಿದ. ಗಂಡ ಒದ್ದೆ ಅಂಗಿ ಹಿಂಡುತ್ತ ನೀರು ಎರಚಿದ್ದಕ್ಕೆ ಗೊಣಗಿದ. ಎಲ್ಲರ ಮುಖವೂ ತೊಳೆದಂತಾಗಿತ್ತು. ವರ್ಷಗಳ ದಣಿವು ಇಳಿದವರಂತೆ ಗಟ್ಟಿಯಾಗಿ ಮಾತಾಡತೊಡಗಿದರು.

“ಶ್! ಅಮ್ಮ ಮಲಗಿದಾರೆ,” ಎಂದಳು ಓರಗಿತ್ತಿ. ಎಲ್ಲರೂ ತಿರುಗಿ ನೋಡಿದರು.

“ಗಾಡೀಲಿ ಅಮ್ಮ ಮಲಗಿದ್ದು ನಾನು ಕಂಡೇ ಇಲ್ಲ,” ಎಂದ ಭಾವ. ಬಂದು ಶಾಲನ್ನು ಕುತ್ತಿಗೆಯವರೆಗೆ ಎಳೆದು ಹೊದಿಸಿದ. “ಯಾರೂ ಎಬ್ಬಿಸ್ಬೇಡಿ. ಊರು ಸೇರೋ ತನಕ ನಿದ್ದೆ ಮಾಡ್ಲಿ.”

ಅವಳು ಅತ್ತೆಯ ಪಕ್ಕದಲ್ಲೇ ಕೂತಳು. ಶಾಲಿನೊಳಗೆ ಮಣಿಕಟ್ಟು ಹಿಡಿದಿದ್ದ ಕೈಯನ್ನು ಬಿಡಲಿಲ್ಲ. ಭಾವ ಹಳ್ಳದಲ್ಲಿ ಗಾಡಿ ನಿಧಾನ ಮಾಡಿದಾಗಲೆಲ್ಲ, ಬನ್ನು ಪಿಸುಮಾತಿನಲ್ಲಿ ಅಜ್ಜಿಯ ಬಗ್ಗೆ ಕೇಳಿದಾಗಲೆಲ್ಲ, ಹೇಳಬೇಕೆಂದು ಬಾಯಿ ತೆರೆದಳು. ವಾರ್ಡಿನ ಹೊರಗೆ ಕಾದು ನಿಂತವರಿಗೆ ಎಷ್ಟು ಸಲ ಹೇಳಿದ್ದಳು! ಯಾವ ಮಾತಿನಿಂದ ತೊಡಗಬೇಕು, ಎಲ್ಲಿ ನಿಲ್ಲಿಸಿ ಕಾಯಬೇಕು ಎಂದು ಬಾಯಿಪಾಠವಾಗಿತ್ತು. ಈಗ ಒಂದೂ ನಾಲಗೆಗೆ ಬರಲಿಲ್ಲ. ಕೈಯೊಳಗಿನ ಕೈ ಮೈಲಿ ಮೈಲಿಗೂ ತಣ್ಣಗಾಗುತ್ತ ಬಂತು. ಆಮೇಲೆ ಬೆರಳುಗಳು ಬಿಗಿದವು. ಕಿಟಕಿಯಾಚೆ ಬೂದುಬಣ್ಣದ ಬೆಳಗು ಹರಿಯಿತು.

ಮನೆಯ ಮುಂದೆ ಗಾಡಿ ನಿಂತಿತು. ಬಾಗಿಲು ಆಗಲೇ ತೆರೆದಿತ್ತು. ನಾದಿನಿ, ಬಾಣಂತಿ, ತಲೆಗೆ ಬಟ್ಟೆ ಕಟ್ಟಿಕೊಂಡು, ಹಸುಗೂಸನ್ನು ಎದೆಗವಚಿ ಮೆಟ್ಟಿಲಿಳಿದು ಬರುತ್ತಿದ್ದಳು. ಭಾವ ತುಟಿಗೆ ಬೆರಳಿಟ್ಟು ನಗುತ್ತ ಕಿಟಕಿಯತ್ತ ಸನ್ನೆ ಮಾಡಿದ.

“ಮಲಗಿದಾಳಾ? ನನ್ನ ಮಗ ಬಂದ್ರೂನಾ? ಇರಿ, ನಾನೇ ಎಬ್ಬಿಸ್ತೀನಿ!”

ಕಿರಿಸೊಸೆ ಎಲ್ಲರಿಗಿಂತ ಮೊದಲು ಇಳಿದಳು. ಬಾಗಿಲಿಗೆ ಅಡ್ಡವಾಗಿ ನಿಂತು ನಾದಿನಿಯ ಮುಂದೆ ಎರಡೂ ಕೈ ಚಾಚಿದಳು.

“ಸ್ವಲ್ಪ ನಿಲ್ಲಮ್ಮ,” ಎಂದಳು. “ಮೊದ್ಲು ಮಗೂನ ನನ್ನ ಕೈಗೆ ಕೊಟ್ಟು, ಈ ಮೆಟ್ಟಿಲ ಮೇಲೆ ಕೂತ್ಕೋ.”