ಖಾಲಿ ಆಂಪ್ಯೂಲು

"ಮುಖ ತಿರುಗಿಸ್ಕೊಂಡೇ ಸೂಜಿ ಚುಚ್ತೀಯಾ, ಶ್ಯಾಮಲಾ?"

ಆ ದನಿ! ಬಂಗಾರಪೇಟೆಯ ಆಸ್ಪತ್ರೆಯೊಂದರ ಆಪರೇಷನ್ ಟೇಬಲ್ ಮೇಲೆ ಚಲಪತಿ ಮಲಗಿದ್ದ. ಕಾರ್ಖಾನೆಯ ಯಂತ್ರ ಅವನ ಎಡಗೈ ಅರೆದಿತ್ತು.

ನರ್ಸ್ ಶ್ಯಾಮಲಾ ಅವನ ಕೊರಳಿನ ಕರಿದಾರ ಬಿಚ್ಚಿದಳು. ಅದರಲ್ಲಿ... ಅವಳೇ ಹಿಂದಿರುಗಿಸಿದ್ದ ಉಂಗುರ!

'ಕಳ್ಳ ಇವ್ನು. ಆದ್ರೂ ನಂಗ್ಯಾಕೆ ನೋಯ್ತದೆ?'

ಒಂದು ಕಾಲಕ್ಕೆ ಅವನು ಇದೇ ಕೋಣೆಯ ಟೆಕ್ನಿಷಿಯನ್. ಊರಿಗಾಂ ಚಿನ್ನದ ಗಣಿಯ ಕೂಲಿಗಳ ಲೈನ್‌ಮನೆಯ ಹುಡುಗ. ಊರಿಗೆಲ್ಲ ಚಿನ್ನ ತೆಗೆದುಕೊಟ್ಟ ಅಪ್ಪ ಕೆಮ್ಮಿ ಕೆಮ್ಮಿ ಸತ್ತ. ಮಗ ಅವಳಿಗೆ ತೊಡಿಸಿದ್ದು ಗಿಲೀಟಿನ ಉಂಗುರ!

ಫೆಂಟನಿಲ್ ಆಪರೇಷನ್ನಿನ ನೋವು ಅಡಗಿಸುವ ಮದ್ದು. ನಶೆಗೂ ಆಗುತ್ತದೆಂದು, ಅದು ತುಂಬಿಬರುವ ಪುಟ್ಟ ಗಾಜಿನ ಸೀಸೆ, ಆಂಪ್ಯೂಲನ್ನು, ಒಡೆದ ಮೇಲೂ ಎಣಿಸಿ ಒಪ್ಪಿಸಬೇಕು. ಶ್ಯಾಮಲಾಳ ಅಮ್ಮ ಕದಿರಮ್ಮನ ಆಪರೇಷನ್ ದಿನ ಒಂದು ಸಿಗಲಿಲ್ಲ.

"ಲೈನಿನವನಲ್ವಾ, ನಶೆಗೆ ಕದ್ದಿದ್ದಾನೆ" ಎಂದರು ಅರಿವಳಿಕೆ ಕೊಡುವ ಡಾಕ್ಟರು. ಲೈನಿನವನೆಂದ ಮೇಲೆ ಸಾಕ್ಷಿ ಯಾರಿಗೆ ಬೇಕು? ಕೆಲಸ ಹೋಯಿತು. ಶ್ಯಾಮಲಾಳೂ ನಂಬಿದಳು. ಅವಳು ಹಿಂದಿರುಗಿಸಿದ ಉಂಗುರ ಹಿಡಿದು ಅವನು ಹೊರಟುಹೋದ.

ಈಗ ಅವನಿಗೆ ಮತ್ತು ಹತ್ತಿತ್ತು. ಅದೇ ಡಾಕ್ಟರು ಫೋನ್ ಹಿಡಿದು ಹೊರನಡೆದರು. ಸರ್ಜನ್ ಹೊಲಿಯುತ್ತಲೇ ಇದ್ದರು... ಬೇಗ ಹತ್ತಿ ಬೇಗ ಇಳಿಯುವ ಮದ್ದು ಫೆಂಟನಿಲ್. ನಾಡಿ ಏರಿತು. ಟೇಪು ಅಂಟಿಸಿದ ರೆಪ್ಪೆಯಂಚಿನಿಂದ ಕಣ್ಣೀರು ಜಾರಿತು!

"ಡಾಕ್ಟ್ರೇ, ಬನ್ರೀ ಒಳಕ್ಕೆ! ಇವ್ನಿಗೆ ನೋಯ್ತಾ ಐತೆ!"

ಅವರು ಓಡಿಬಂದು ಇನ್ನೊಂದು ಆಂಪ್ಯೂಲು ಒಡೆದರು. ನಾಡಿ ಇಳಿಯಿತು. ಎರಡು ಬೆರಳು ಉಳಿಯಲಿಲ್ಲ.

ಅವನಿಗೆ ಎಚ್ಚರವಾದಾಗ ಅವಳು ಪಕ್ಕದಲ್ಲೇ ಇದ್ದಳು.

"ಮತ್ತಿನಾಗೂ ಅಳ್ತಿದ್ದೆ ಕಣೋ..."

"ನಿಮ್ಮಮ್ಮನೂ ಅಂಗೇ ಅತ್ರು..." ಮಂಪರಿನಲ್ಲಿ ಬಾಯಿ ಜಾರಿತು.

"ಏನಂದೆ?!"

"ಅವತ್ತೂ ಡಾಕ್ಟ್ರು ಒರಗಡೆ ಓಗಿದ್ರು. ಕೂಗ್ದೆ, ಬರ್ಲಿಲ್ಲ. ನಾನೇ ಇನ್ನೊಂದು ಒಡ್ದು ಕೊಟ್ಟೆ. ಗಾಬ್ರೀಲಿ ಆಂಪ್ಯೂಲು ಕಾಲ್ಕೆಳಗೆ ಪುಡಿಯಾಯ್ತು."

"ಪಾಪಿ! ನಂಗ್ಯಾಕೋ ಯೋಳ್ಲಿಲ್ಲ?"

"ಕ್ಯಾನ್ಸರು ಅಮ್ಮನ್ನ ತಗೊಂಡೋಯ್ತು. 'ಆಪರೇಷನ್‌ನಾಗೆ ಒಂಚೂರೂ ನೋಯ್ಲಿಲ್ವಂತೆ' ಅಂತ ನೀನು ಎಲ್ರಿಗೂ ಯೋಳ್ಕೊಂಡು ಸಮಾಧಾನ ಮಾಡ್ಕೊಂತಿದ್ದೆ. ಅದನ್ನೂ ಯೆಂಗೆ ಕಿತ್ಕೊಳ್ಲಿ?"

ಅವಳು ಅವನೆದೆಗೆ ಹಣೆಯೊತ್ತಿ ಬಿಕ್ಕಿದಳು. ಅಮ್ಮನಿಗಾಗಿ, ಅವನಿಗಾಗಿ, ನಂಬದೆ ಹೋದ ತನಗಾಗಿ...

"ಡಾಕ್ಟ್ರು ಬಿಟ್ಟೋಗಿದ್ದನ್ನ ಇವತ್ತು ಕಣ್ಣಾರೆ ಕಂಡಿದ್ದೀನಿ. ಎಲ್ರ ಮುಂದೆ ಯೋಳ್ತೀನಿ, ಕಳ್ಳ ನೀನಲ್ಲ ಅಂತ. ನನ್ ಕೆಲ್ಸಾನೂ ಓಗ್ಲಿ!"

ಅವನು ಬ್ಯಾಂಡೇಜಿನ ಕೈ ನೋಡಿಕೊಂಡ. "ಉಂಗುರದ ಬೆರಳೇ ಓಯ್ತಲ್ಲ, ಶ್ಯಾಮು..."

ಅವಳು ತೆಗೆದಿಟ್ಟಿದ್ದ ಕರಿದಾರದಿಂದ ಬಿಡಿಸಿ, ಗಿಲೀಟು ಉಜ್ಜಿಹೋದ ಉಂಗುರವನ್ನು ತಾನೇ ತೊಟ್ಟುಕೊಂಡಳು.

"ನನ್ ಬೆರಳೈತಲ್ಲ ಕಣೋ."