ಬಿಲ್ ಆಗದೆ ಮುಟ್ಟಬೇಡಿ

"ಮುಟ್ಟಬೇಡಿ ಮೇಡಂ. ಬಿಲ್ ಆದ ಮೇಲೆ ಎಷ್ಟು ಬೇಕಾದರೂ ಒತ್ತಿ."

ಪ್ಲಾಸ್ಟಿಕ್ ಸರಿಸಿ ಲ್ಯಾಪ್‌ಟಾಪಿನ ಕೀಲಿಗಳ ಮೇಲೆ ಇಳಿಯಲಿದ್ದ ವಿಜೇತಾಳ ಬೆರಳುಗಳು ಗಾಳಿಯಲ್ಲೇ ನಿಂತವು.

ಬಂಟ್ವಾಳದ ಆ ಕಂಪ್ಯೂಟರ್ ಅಂಗಡಿಯಲ್ಲಿ ಪ್ರದರ್ಶನಕ್ಕಿಟ್ಟ ಯಂತ್ರಗಳಿಗೆಲ್ಲ ಪ್ಲಾಸ್ಟಿಕ್ ಸುತ್ತಿತ್ತು. ಅದರ ಮೇಲೆ ಬೆಳಗಿನ ಪೂಜೆಯ ಗಂಧದ ಬೊಟ್ಟು.

"ಟೈಪ್ ಮಾಡಿ ನೋಡದೆ ತಗೊಳ್ಳುವುದು ಹೇಗೆ?"

ಕೌಂಟರಿನಲ್ಲಿದ್ದವನು ಶಿಶಿರ್, ಮಾಲೀಕ ರಮಾನಾಥರ ಮಗ. "ಪ್ರೊಸೆಸರ್ ಒಳ್ಳೆಯದುಂಟು, ಹದಿನಾರು ಜಿಬಿ ಉಂಟು..." ಎಂದು ಪಕ್ಕದ ಚೀಟಿ ಓದತೊಡಗಿದ.

"ಅದನ್ನು ಓದ್ಲಿಕ್ಕೆ ನನಗೂ ಬರ್ತದೆ. ಕೀಬೋರ್ಡ್ ಹೇಗುಂಟು?"

"ಚಂದ ಉಂಟು."

"ನೀವು ಒತ್ತಿ ನೋಡಿದ್ದೀರಾ?"

ಶಿಶಿರನ ಕಿವಿ ಕೆಂಪಾಯಿತು. "ಇಲ್ಲ... ನನಗೂ ಬಿಲ್ ಆಗಿಲ್ಲ."

ಅವಳಿಗೆ ನಗು ಬಂತು. ಬರಬಾರದಿತ್ತು. ಸಿಟ್ಟಿನಲ್ಲಿದ್ದಾಗ ನಗಿಸುವ ಗಂಡಸರ ಮೇಲೆ ಅವಳಿಗೆ ಮೊದಲಿನಿಂದಲೂ ನಂಬಿಕೆಯಿಲ್ಲ.

ವಿಜೇತಾ ಮಿಜಾರಿನ ಕಾಲೇಜೊಂದರಲ್ಲಿ ಉಪನ್ಯಾಸಕಿ. ಉಳಿದ ಹೊತ್ತಿನಲ್ಲಿ ಫೋನು, ಲ್ಯಾಪ್‌ಟಾಪುಗಳ ಬಗ್ಗೆ ಕನ್ನಡದಲ್ಲಿ ಬರೆಯುವವಳು. ಸುತ್ತಲಿನ ಊರುಗಳಲ್ಲಿ ಇಯರ್‌ಫೋನ್ ಕೊಳ್ಳುವವರೂ ಮೊದಲು ಅವಳ ಪುಟ ನೋಡುತ್ತಿದ್ದರು.

ಸಂಜೆ ಬರೆದಳು:

'ಬಂಗುಡೆ ಮೀನಿನ ಕಿವಿರು ಎತ್ತಿ ನೋಡದೆ ಚೀಲಕ್ಕೆ ಹಾಕಿಸಿಕೊಳ್ಳದ ಊರು ನಮ್ಮದು. ಲ್ಯಾಪ್‌ಟಾಪನ್ನು ಮಾತ್ರ ದೂರದಿಂದ ಕೈಮುಗಿದು ಕೊಳ್ಳಬೇಕಂತೆ. ಕಂಪ್ಯೂಟರ್ ದೇವರಲ್ಲ. ಒತ್ತಿ ನೋಡಲು ಬಿಡದ ಅಂಗಡಿಗೆ ಹೋಗಬೇಡಿ.'

ಕೆಳಗೆ ಅಂಗಡಿಯ ಹೆಸರನ್ನೂ ಹಾಕಿದಳು. ಅಂಜುವುದು ಅವಳಿಗೆ ಅಭ್ಯಾಸವಿರಲಿಲ್ಲ.

ಕೆಲವು ದಿನಗಳ ನಂತರ ಮನೆಗೆ ಬಂದ ಸೋದರಮಾವ ಕಮಲಾಕ್ಷ, ಚಹಾ ಬರುವವರೆಗೂ ಕಾಯಲಿಲ್ಲ.

"ಒಂದು ಒಳ್ಳೆ ಸಂಬಂಧ ಉಂಟು. ಬಂಟ್ವಾಳದ ರಮಾನಾಥರ ಮಗ ಶಿಶಿರ್. ಹುಡುಗನೇ ನಿನ್ನನ್ನು ಕೇಳಿದ್ದಂತೆ."

ವಿಜೇತಾಳ ಎದೆ ಒಮ್ಮೆ ಹಾರಿತು. ಎದೆಗೆ ಬುದ್ಧಿ ಎಲ್ಲಿರುತ್ತದೆ...

"ಆದ್ರೆ ನೀನು ಬರೆದದ್ದನ್ನು ಅಳಿಸ್ಬೇಕು. ಸೊಸೆಯಾಗುವವಳೇ ಅಂಗಡಿಯ ಮಾನ ತೆಗೆದ್ರೆ ಹೇಗೆ?"

'ಓಹೋ... ಹೀಗೋ ವಿಷಯ. ಬರಹ ಅಳಿಸಿದರೆ ಗಂಡು ಉಚಿತ.' ಶಿಶಿರನ ಕೆಂಪು ಕಿವಿಯನ್ನು ನಂಬಿದ್ದಕ್ಕೆ ಅವಳಿಗೆ ತನ್ನ ಮೇಲೆಯೇ ಸಿಟ್ಟು ಬಂತು.

"ಅಳಿಸುವುದಿಲ್ಲ ಮಾವ."

"ನಾಲ್ಕು ಸಾಲಿಗೋಸ್ಕರ ಸಂಬಂಧ ಬಿಡ್ತೀಯಾ ಮಾರಾಯ್ತಿ?"

"ಹೋಗುವ ಮೊದಲೇ ನಾಲ್ಕು ಸಾಲು ಅಳಿಸ್ಬೇಕಾದ್ರೆ, ಹೋದ ಮೇಲೆ ಏನೇನು ಅಳಿಸ್ಬೇಕೋ."

ಮರುದಿನ ಅವಳು ಬಂಟ್ವಾಳದ ಬಸ್ಸು ಹತ್ತಿದಳು. ಬೇಡವೆಂದು ಹೇಳಲು ಫೋನು ಸಾಕಿತ್ತು. ಮತ್ತೇಕೆ ಹೋಗುತ್ತಿದ್ದೇನೆಂದು ಅವಳು ತನ್ನನ್ನು ಕೇಳಿಕೊಳ್ಳಲಿಲ್ಲ.

ಅಂಗಡಿಯಲ್ಲಿ ಪ್ಲಾಸ್ಟಿಕ್ ಎಲ್ಲ ನೆಲದ ಮೇಲಿತ್ತು. ಲ್ಯಾಪ್‌ಟಾಪುಗಳು ಬಾಯ್ತೆರೆದು ಕುಳಿತಿದ್ದವು. ನಡುವೆ ಅಪ್ಪ, ಮಗ.

"ಬೇರೆಯವರು ಒತ್ತಿದ್ದು ಎಂಜಲಿನ ಹಾಗೆ. ಅದನ್ನು ಯಾರು ತಗೊಳ್ತಾರೆ?" ಎನ್ನುತ್ತಿದ್ದರು ರಮಾನಾಥರು.

"ಅದನ್ನು ನಾವೇ ಬಳಸಿದ್ರಾಯ್ತು, ಅಪ್ಪ. ಒತ್ತಿಯೇ ನೋಡದೆ 'ಚಂದ ಉಂಟು' ಅಂತ ಹೇಳ್ಲಿಕ್ಕೆ ಇನ್ನು ನನ್ನಿಂದ ಆಗುವುದಿಲ್ಲ."

ವಿಜೇತಾ ಬಾಗಿಲಲ್ಲೇ ನಿಂತು ಹೇಳಿದಳು: "ನಾನು ಅಳಿಸುವುದಿಲ್ಲ. ಈ ಸಂಬಂಧವೂ ಬೇಡ. ಹೇಳಿ ಹೋಗ್ಲಿಕ್ಕೆ ಬಂದೆ."

ಶಿಶಿರ್ ತಬ್ಬಿಬ್ಬಾದ. "ಅಳಿಸ್ಲಿಕ್ಕೆ ಯಾರು ಹೇಳಿದ್ದು?"

ರಮಾನಾಥರು ಫ್ಯಾನಿನ ಕಡೆ ನೋಡಿದರು. "ನಾನೇ... ಕಮಲಾಕ್ಷನ ಹತ್ತಿರ ಒಂದು ಮಾತು ಹೇಳಿದ್ದು."

"ಹಾಗಾದ್ರೆ ನನ್ನದೂ ಒಂದು ಮಾತುಂಟು ಅಪ್ಪ." ಅವನು ಅಪ್ಪನಿಗೆ ಹೇಳುತ್ತಿದ್ದರೂ ನೋಡುತ್ತಿದ್ದದ್ದು ಅವಳನ್ನು. "ಅದನ್ನು ಓದಿಯೇ ನಾನು ಇವರನ್ನು ಕೇಳಿದ್ದು. ನನಗೆ ಬೇಕಾದದ್ದು ಅದನ್ನು ಬರೆದವರು... ಅಳಿಸಿದವರಲ್ಲ."

"ಇಬ್ಬರೂ ಒಂದೇ ಕಂಪೆನಿಯ ಮಾಲು," ಎಂದು ಗೊಣಗುತ್ತ ರಮಾನಾಥರು ಪ್ಲಾಸ್ಟಿಕ್ ಹೆಕ್ಕಿಕೊಂಡು ಒಳಗೆ ಹೋದರು.

ವಿಜೇತಾ ಹತ್ತಿರದ ಲ್ಯಾಪ್‌ಟಾಪಿನ ಮುಂದೆ ನಿಂತು ಒಂದು ಸಾಲು ಟೈಪ್ ಮಾಡಿದಳು.

"ಸ್ಪೇಸ್ ಬಾರ್ ಗಟ್ಟಿ ಉಂಟು."

"ಹೌದು. ಬೆಳಿಗ್ಗೆ ಒತ್ತಿ ನೋಡಿದೆ. ಇದನ್ನು ತಗೊಳ್ಬೇಡಿ."

ತನ್ನ ಮಾಲನ್ನು ತಾನೇ ಬೇಡವೆನ್ನುವ ಅಂಗಡಿಯವನನ್ನು ಅವಳು ಈವರೆಗೆ ಕಂಡಿರಲಿಲ್ಲ. ಸಿಟ್ಟು ಮಾಡಲು ಇನ್ನೇನಾದರೂ ಉಳಿದಿದೆಯೇ ಎಂದು ಹುಡುಕಿದಳು. ಸಿಗಲಿಲ್ಲ.

"ಅಂಗಡಿ ಸರಿಯಾಗಿದೆ ಅಂತ ಈಗಲೇ ಬರೆಯುವುದಿಲ್ಲ. ಮಳೆಗಾಲ ಕಳೆಯಲಿ, ನೋಡ್ತೇನೆ."

"ಆಯ್ತು. ನನ್ನ ಬಗ್ಗೆ?"

"ನಿಮ್ಮ ಬಗ್ಗೆ ಬರೆಯುವುದೇ ಇಲ್ಲ."

"ಅಷ್ಟು ಕಳಪೆಯಾ ನಾನು?"

"ಅಲ್ಲ..." ಅವಳು ಪರದೆಯಿಂದ ಕಣ್ಣು ತೆಗೆಯಲಿಲ್ಲ. "ಓದಿದವರೆಲ್ಲ ಹುಡುಕಿಕೊಂಡು ಬರ್ತಾರೆ. ನೀವು ನನಗೇ ಬೇಕಲ್ಲ."